ಪರಸಿ ನೆಲದ ಲೆಕ್ಕ

ಈ ಒಗಟು ನನ್ನದಲ್ಲ.
ಔರಾದ ಕಡೆಯ ಯಾರೋ ಒಬ್ಬ ಗಣಿತದ ಮಾಸ್ತರು
ಭಾಲ್ಕಿಯ ತರಬೇತಿಯಲ್ಲಿ ಪಕ್ಕದವರಿಗೆ ಹೇಳಿ,
ಪಕ್ಕದವರು ಹುಮನಾಬಾದದ ಶಕೀಲಾ ಟೀಚರಿಗೆ ಹೇಳಿ,
ಆಕೆ ಕಮಲಾಪುರದ ಬಸ್ಸಿನಲ್ಲಿ ನಿಂತುಕೊಂಡೇ
ಟಿಕೇಟಿನ ಹಿಂದೆ ಐದು ಗೆರೆ ಅಡ್ಡ, ಐದು ಗೆರೆ ಉದ್ದ
ಗೀಚಿ ನನ್ನ ಕೈಗಿಟ್ಟಳು.
ಎಷ್ಟು ಚೌಕ? ಅಷ್ಟೇ ಬರೆದಿತ್ತು.
ಉತ್ತರ ಇರಬೇಕಾದಲ್ಲಿ ಬೆವರಿನ ಕಲೆ.

ಈ ಲೆಕ್ಕಕ್ಕೆ ನಮ್ಮ ಐದನೆಯತ್ತೆಗೆ ಬೋರ್ಡು ಬೇಕಿಲ್ಲ.
ಶಹಾಬಾದ ಖಣಿಯ ಮಗ್ಗುಲಿನ ಊರು:
ಪರಸಿಯೇ ನೆಲ, ಪರಸಿಯೇ ಗೋಡೆ, ಪರಸಿಯೇ ಮಾಡು,
ಬಚ್ಚಲಿಗೆ ಮರೆ ಪರಸಿ,
ಸತ್ತವರ ತಲೆಯ ಹತ್ತಿರವೂ ಒಂದು.

ಬೇಸಿಗೆಯ ಬೆಳಗಿನ ಶಾಲೆ. ಹತ್ತಕ್ಕೆಲ್ಲ
ಕಿಟಕಿಯ ಸರಳು ಮುಟ್ಟುವಂತಿಲ್ಲ,
ಕಲ್ಲು ಮಾತ್ರ ತಣ್ಣಗೆ.
ಕುರ್ಚಿ ಸರಿಸಿ, ಚಾಪೆ ಸುತ್ತಿ,
ನಾಲ್ಕು ಸಾಲು, ಸಾಲಿಗೆ ನಾಲ್ಕು ಪರಸಿ,
ಸುತ್ತ ಖಡುವಿನಲ್ಲಿ ಗೆರೆ ಎಳೆದು ಕೇಳಿದೆ.

"ಹದಿನಾರು!" ದಸ್ತಗೀರ, ನಾನು ಕೇಳಿ ಮುಗಿಸುವ ಮೊದಲೇ.
ಸುಮ್ಮನಿದ್ದೆ.
ಹದಿಮೂರು ವರ್ಷದ ನೌಕರಿಯಲ್ಲಿ ನಾನು ಕಲಿತದ್ದರಲ್ಲಿ
ಸುಮ್ಮನಿರುವುದೇ ಕಷ್ಟದ ಪಾಠ.

ಮಾಪಣ್ಣ ಹೋಗಿ ಗೆರೆಯ ಮೇಲೆ ಮಲಗಿದ,
ತಲೆಯಿಂದ ಹಿಮ್ಮಡಿಗೆ ಸರಿಯಾಗಿ ಎರಡು ಕಲ್ಲು.
"ಮೇಡಂ, ಇನ್ನ ಮೂರು ಮಂದಿ ಮಲಗಿದ್ರ ಇದೂ ಚೌಕ ಆಗ್ತದ್ರಿ."
ಮಲಗಿದರು.
ಆ ಮೈಗಳ ಚೌಕ ನಗುತ್ತ, ತೊಡರುತ್ತ, ಯಾರದೋ ಜಡೆ ತುಳಿಯುತ್ತ
ಒಂದೊಂದೇ ಕಲ್ಲು ಸರಿದು
ಒಂಬತ್ತು ಕಡೆ ಬಿದ್ದುಕೊಂಡಿತು.
ಮೂರು ಕಲ್ಲಿನವು ನಾಲ್ಕು. ಇಡೀದು ಒಂದು.
ಮೂವತ್ತು!
ವಾಡಿ ಕಡೆಗೆ ಗೂಡ್ಸ್ ಗಾಡಿ ಹೋಯಿತು,
ಆ ದಿನ ಯಾರೂ ಅದರ ಡಬ್ಬಿ ಎಣಿಸಲಿಲ್ಲ.

ಹಾಜರಿ ಕೂಗಿದಾಗಲೂ ದನಿ ಕೇಳಿಸದ ಅಯ್ಯಮ್ಮ
ಬಾಗಿಲ ಹತ್ತಿರದಿಂದ:
"ಒಡದದ್ದೂ ಹಿಡದೀರೇನ್ರಿ?"

ಹೌದು. ಎರಡನೆಯ ಸಾಲಿನ ಎರಡನೆಯ ಕಲ್ಲು.
ನಡುವೆ ಬಿರುಕು, ಒಂದು ಮೂಲೆಯೇ ಇಲ್ಲ.
ಇಷ್ಟು ವರ್ಷ ಅದರ ಮೇಲೇ ಕುರ್ಚಿ ಹಾಕಿ
ಕೂತವಳು ನಾನು.
"ಒಡದ ಪರಸಿ ಲೆಕ್ಕಕ್ಕ ಹಿಡಿಯಂಗಿಲ್ರಿ.
ನಮ್ಮಪ್ಪಗ ಮುಕಾದಮ ಅದರ ಕೂಲಿ ಕೊಡಂಗಿಲ್ಲ."

"ಹಂಗಾದ್ರ ಇಪ್ಪತ್ತೊಂಬತ್ತು," ಮತ್ತೆ ದಸ್ತಗೀರ.
ಅವಳು ಅವನ ಕಡೆ ನೋಡಲೂ ಇಲ್ಲ.
ಬಂದು ಕುಕ್ಕರಗಾಲಲ್ಲಿ ಕೂತು
ಬಿರುಕಿನ ಮೇಲೆ ಎಡಗೈ ಊರಿ
ಬಲಗೈ ಬೆರಳಿನಿಂದ ಆ ಕಲ್ಲಿದ್ದ ಚೌಕಗಳನ್ನೆಲ್ಲ
ಗಾಳಿಯಲ್ಲೇ ಕಿತ್ತು ಕಿತ್ತು ಆಚೆಗಿಟ್ಟಳು:
ತಾನೊಂದು,
ಎರಡರವು ನಾಲ್ಕು,
ಮೂರರವು... ತಡೆದಳು, ಮತ್ತೆ ಮೊದಲಿನಿಂದ... ನಾಲ್ಕು,
ದೊಡ್ಡದೊಂದು.
"ಹತ್ತು ಹೋದ್ವು. ಇಪ್ಪತ್ತೇ ಉಳಿದ್ವು.
ಮೂಲಿದ್ದು ಒಡದಿದ್ರ ನಾಕೇ ಹೋಗ್ತಿದ್ವು."

ಎಲ್ಲ ಕಲ್ಲೂ ಒಂದೇ ಅಳತೆಯವು.
ಎಲ್ಲಿ ಕೂತಿದೆ ಎನ್ನುವುದರ ಮೇಲೆ
ಒಂದು ಒಡೆದರೆ ಎಷ್ಟು ಒಡೆಯುತ್ತದೆ ಎಂಬುದು.
ಇದನ್ನು ನಾನು ಹೇಳಿಕೊಟ್ಟದ್ದಲ್ಲ,
ನೋಟ್ಸಿನಲ್ಲಿ ಬರೆಯಲು ಬಾಯಿಯೂ ಬರಲಿಲ್ಲ.
ಅಷ್ಟರಲ್ಲಿ ಗಂಟೆಯಾಯಿತು.

ಬಂದ ದಾರಿಯಲ್ಲೇ ಚೀಟಿ ವಾಪಸು ಕಳಿಸಿದೆ,
ಶಕೀಲಾ ಕೈಯಿಂದ ಪಕ್ಕದವರ ಕೈಗೆ,
ಅವರಿಂದ ಕಾಣದ ಆ ಮಾಸ್ತರಿಗೆ:
"ನಿಮ್ಮ ಒಗಟಿನಲ್ಲಿ ಒಂದು ಕಲ್ಲು ಒಡೆದಿದೆ. ಈಗ ಹೇಳಿ."
ಕೆಳಗೆ ನನ್ನ ಹೆಸರು ಹಾಕಲಿಲ್ಲ.
ಅಯ್ಯಮ್ಮ, ಐದನೆಯತ್ತೆ.

ಜೂನ್ ಕಳೆಯುವ ಹೊತ್ತಿಗೆ ಉತ್ತರ ಬಂತು,
ಜೋಳದ ಹಿಟ್ಟು ಮೆತ್ತಿದ ಕಾಗದದಲ್ಲಿ, ದುಂಡನೆಯ ಅಕ್ಷರ:
"ಇಪ್ಪತ್ತು. ಹುಡುಗಿಗೆ ಶಾಬಾಸ್ ಹೇಳಿ.
ನಮ್ಮ ಸಾಲಿಯಲ್ಲಿ ಎರಡು ಒಡೆದಿವೆ."

ನನಗಿನ್ನೂ ಬಿಡಿಸಲಾಗಿಲ್ಲ.
ಕುರ್ಚಿಯನ್ನು ಗೋಡೆಗೆ ಹಚ್ಚಿಟ್ಟಿದ್ದೇನೆ.
ಆರನೆಯತ್ತೆಗೆ ಹೋಗಿರುವ ಅಯ್ಯಮ್ಮ
ಕಿಟಕಿಯ ಸರಳಿನ ನಡುವೆ ಕಾಗದ ಹಿಡಿದು
ಎರಡು ಸಲ ಓದಿದಳು, ಹಿಂದೆ ತಿರುಗಿಸಿ ನೋಡಿದಳು:
"ಯಾವ ಎರಡು ಅಂತ ಬರದಿಲ್ಲಲ್ರಿ?"